ಅಲ್ಲಿ ನೂರು ಬಾಲ್, ಇಲ್ಲಿ ಒಂದೇ

ಗಾಲ್ಫ್ ಕಲಿಯೋಕೆ ಶುರು ಮಾಡಿದಾಗ ನನಗೆ 41 ವರ್ಷ. ಮೊದಲ ಎರಡು ವರ್ಷ ಒಂದು ಶನಿವಾರವೂ ತಪ್ಪಿಸಲಿಲ್ಲ. ಬೆಳಿಗ್ಗೆ ಆರೂವರೆಗೆ ಡ್ರೈವಿಂಗ್ ರೇಂಜ್, ಅಂದ್ರೆ ನಿಂತಲ್ಲಿಂದಲೇ ಚೆಂಡು ಹೊಡೆದು ಅಭ್ಯಾಸ ಮಾಡೋ ಮೈದಾನ. 100 ಚೆಂಡಿನ ಬಕೆಟ್, ಕೈಯಲ್ಲಿ ಸೆವೆನ್ ಐರನ್, ಮಧ್ಯಮ ದೂರಕ್ಕೆ ಹೊಡೆಯೋ ಕೋಲು (ಕ್ಲಬ್). ಬೆವರು ಇಳಿಯುವ ತನಕ ಹೊಡೆಯೋದು, ಆಮೇಲೆ ಎರಡು ಇಡ್ಲಿ ತಿಂದು ಮನೆಗೆ ಹೋಗೋದು. ಅದನ್ನೇ ಅಭ್ಯಾಸ ಅಂದುಕೊಂಡಿದ್ದೆ. ನಿಮ್ಮಲ್ಲೂ ತುಂಬಾ ಜನ ಹಾಗೇ ಅಂದುಕೊಂಡಿದ್ದೀರಿ ಅಂತ ಕಾಣುತ್ತೆ, ನಗ್ತಿದ್ದೀರಲ್ಲ.

ಒಂದು ಶನಿವಾರ ಚೆಂಡು ಎಷ್ಟು ಚೆನ್ನಾಗಿ ಹಾರುತ್ತಿತ್ತು ಅಂದ್ರೆ, ಪಕ್ಕದವರು ತಮ್ಮ ಆಟ ಬಿಟ್ಟು ನನ್ನನ್ನು ನೋಡುತ್ತಿದ್ದರು. ಅರ್ಧ ಗಂಟೆ ಆದಮೇಲೆ ಕೋರ್ಸ್‌ನ ಒಂದನೇ ಟೀಯಲ್ಲಿ, ಅಂದ್ರೆ ಆಟ ಶುರು ಮಾಡೋ ಜಾಗದಲ್ಲಿ, ನಿಂತೆ. ಮೊದಲ ಹೊಡೆತ ಬಲಕ್ಕೆ ತಿರುಗಿ ಮರಗಳ ಒಳಗೆ ಹೋಯಿತು. ಎರಡನೆಯದು ನೆಲಕ್ಕೆ ಬಡಿದು ಹತ್ತು ಗಜ ಉರುಳಿತು. ನನ್ನ ಕ್ಯಾಡಿ ವಯಸ್ಸಾದ ಮನುಷ್ಯ, ಮಾತು ಕಮ್ಮಿ. “ಏನಣ್ಣಾ ಇದು, ಈಗ ತಾನೇ ಅಲ್ಲಿ ಅಷ್ಟು ಚೆನ್ನಾಗಿ ಹೊಡೀತಿದ್ದೆ” ಅಂದೆ. ಅವರು ಬ್ಯಾಗ್ ಹೆಗಲಿಗೆ ಏರಿಸಿಕೊಳ್ಳುತ್ತಾ, “ಸರ್, ಅಲ್ಲಿ ನೂರು ಬಾಲ್ ಇತ್ತು. ಇಲ್ಲಿ ಒಂದೇ” ಅಂದರು.

ನಾನು ಇವತ್ತು ಹೇಳೋದೆಲ್ಲ ಆ ಮಾತಿನ ವಿಸ್ತರಣೆ ಅಷ್ಟೇ. ನಾನು ಕೋಚ್ ಅಲ್ಲ. ಸ್ವಿಂಗ್ ಹೇಗೆ ಇರಬೇಕು ಅಂತ ಹೇಳೋ ಯೋಗ್ಯತೆ ನನಗಿಲ್ಲ. ವಾರಕ್ಕೆ ಎರಡು ಮೂರು ಗಂಟೆ ಮಾತ್ರ ಸಿಗುವ ನಮ್ಮಂಥವರು ಆ ಸಮಯವನ್ನು ಹೇಗೆ ಖರ್ಚು ಮಾಡಬೇಕು ಅನ್ನೋದು ಮಾತ್ರ ನನ್ನ ವಿಷಯ.

ಆ ದಿನ ಆಟ ಮುಗಿದ ಮೇಲೆ ಮನೆಯಲ್ಲಿ ಸ್ಕೋರ್ ಕಾರ್ಡ್ ಇಟ್ಟುಕೊಂಡು ಕೂತೆ. ಒಟ್ಟು 103 ಹೊಡೆತ. ಯಾವ್ಯಾವುದು ಎಲ್ಲಿ ಹೋಯಿತು ಅಂತ ನೆನಪು ಮಾಡಿಕೊಂಡು ಬರೆದೆ. ಚೆಂಡನ್ನು ಕುಳಿಗೆ ಉರುಳಿಸೋ ಪಟರ್‌ನಿಂದ 39. ಗ್ರೀನ್, ಅಂದ್ರೆ ಕುಳಿ ಇರೋ ನುಣ್ಣನೆ ಹುಲ್ಲಿನ ಜಾಗ, ಅದರ ಸುತ್ತಮುತ್ತ ಚಿಪ್ ಅನ್ನೋ ಸಣ್ಣ ಹೊಡೆತ, ಬಂಕರ್ ಅನ್ನೋ ಮರಳು ಗುಂಡಿ ಎಲ್ಲಾ ಸೇರಿ 21. ಎಲ್ಲಕ್ಕಿಂತ ದೂರ ಹೊಡೆಯೋ ಡ್ರೈವರ್ 13. ನೀರಿಗೆ, ಕೋರ್ಸ್‌ನ ಗಡಿ ಗೆರೆಯಾಚೆಗೆ ಹೋಗಿ ಬಿದ್ದ ದಂಡ 6. ಉಳಿದ ಐರನ್ನು, ವುಡ್ಡು ಎಲ್ಲಾ ಸೇರಿ 19. ಇನ್ನು ನನ್ನ ಪ್ರೀತಿಯ ಸೆವೆನ್ ಐರನ್? ಐದು. ಇಡೀ ನಾಲ್ಕೂವರೆ ಗಂಟೆಯ ಆಟದಲ್ಲಿ ಐದೇ ಸಲ. ಆದರೆ ರೇಂಜ್‌ನಲ್ಲಿ 100 ಚೆಂಡಲ್ಲಿ 70 ಅದರಲ್ಲೇ ಹೊಡೆಯುತ್ತಿದ್ದೆ. ಗಣಿತದ ಪರೀಕ್ಷೆಗೆ ಭೂಗೋಳ ಓದಿಕೊಂಡು ಹೋದ ಹಾಗೆ.

ನೀವೂ ಒಮ್ಮೆ ಈ ಲೆಕ್ಕ ಹಾಕಿ. ಬೇರೆಯವರ ಲೆಕ್ಕ ನಿಮಗೆ ಉಪಯೋಗಕ್ಕೆ ಬರಲ್ಲ, ನಿಮ್ಮದೇ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಕ್ಲಬ್‌ಗಳಲ್ಲಿ ಒಂದು ಮಾತು ಓಡಾಡುತ್ತೆ: ಪಾರ್ 72ರಲ್ಲಿ, ಅಂದ್ರೆ 18 ಹೋಲ್‌ಗೆ 72 ಹೊಡೆತ ಅಂತ ಗೊತ್ತು ಮಾಡಿರೋ ಕೋರ್ಸ್‌ನಲ್ಲಿ, ಹೋಲ್‌ಗೆ ಎರಡರಂತೆ 36 ಪಟ್, ಅಂದ್ರೆ ಅರ್ಧ ಆಟ ಪಟಿಂಗೇ, ಆದ್ದರಿಂದ ಅರ್ಧ ಅಭ್ಯಾಸವೂ ಪಟಿಂಗೇ ಆಗಬೇಕು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಆ 36ರಲ್ಲಿ ಎಷ್ಟೋ ಪಟ್‌ಗಳು ಒಂದಡಿ, ಅರ್ಧ ಅಡಿಯವು. ಅವನ್ನು ನನ್ನ ಮಗಳೂ ಹಾಕುತ್ತಾಳೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಅಂತ ಇದ್ದಾರೆ, ಹಣಕಾಸಿನ ಲೆಕ್ಕ ಕಲಿಸುವವರು. ಅವರು ಲಕ್ಷಗಟ್ಟಲೆ ಹೊಡೆತಗಳನ್ನು ಲೆಕ್ಕ ಹಾಕಿ ನೋಡಿದರು. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ 100 ಗಜಕ್ಕಿಂತ ದೂರದ ಹೊಡೆತಗಳಿಂದಲೇ ಬರುತ್ತದೆ ಅಂತ ಅವರ ಲೆಕ್ಕ. ಅಮೆರಿಕದ ವೃತ್ತಿಪರ ಆಟಗಾರರ ಪಿಜಿಎ ಟೂರ್ 2011ರಲ್ಲಿ ಅವರ ಈ ಲೆಕ್ಕದ ಪದ್ಧತಿಯನ್ನೇ ಪಟಿಂಗ್ ಅಳೆಯೋಕೆ ತೆಗೆದುಕೊಂಡಿತು. ಹಾಗಾಗಿ ಉದ್ದದ ಹೊಡೆತ ಬಿಟ್ಟುಬಿಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಕಾರ್ಡ್‌ನಲ್ಲಿದ್ದ ಆ 6 ದಂಡ ಎಲ್ಲಿಂದ ಬಂತು? ಡ್ರೈವರ್‌ನಿಂದಲೇ. ಒಂದು ಚೆಂಡು ಗೆರೆಯಾಚೆ ಹೋದರೆ ಹೊಡೆತವೂ ಹೋಯಿತು, ದೂರವೂ ಹೋಯಿತು.

ಈಗ ರೇಂಜ್ ನಮಗೆ ಹೇಗೆ ಸುಳ್ಳು ಹೇಳುತ್ತೆ ಅಂತ ನೋಡೋಣ.

ಮೊದಲನೆಯದು ಆ ಹಸಿರು ಮ್ಯಾಟ್. ಐರನ್ ಹೊಡೆತದಲ್ಲಿ ಕ್ಲಬ್ ಮೊದಲು ಚೆಂಡಿಗೆ ತಾಗಬೇಕು, ಆಮೇಲೆ ನೆಲಕ್ಕೆ. ನಮ್ಮಂಥವರದ್ದು ಎಷ್ಟೋ ಸಲ ಮೊದಲು ನೆಲಕ್ಕೇ ತಾಗುತ್ತೆ. ಹುಲ್ಲಿನ ಮೇಲೆ ಹಾಗಾದರೆ ಕ್ಲಬ್ ಮಣ್ಣಲ್ಲಿ ಹೂತು ಚೆಂಡು ಅಲ್ಲೇ ಕಾಲ ಬುಡದಲ್ಲಿ ಬೀಳುತ್ತೆ. ಮ್ಯಾಟ್ ಮೇಲೆ ಹಾಗಾಗಲ್ಲ. ಕ್ಲಬ್ ಜಾರಿಕೊಂಡು ಹೋಗಿ ಚೆಂಡನ್ನು ಎತ್ತಿಬಿಡುತ್ತೆ. ಎರಡಂಗುಲ ಹಿಂದೆ ಹೊಡೆದಿದ್ದೀರಿ, ಚೆಂಡು ಮಾತ್ರ ಸೊಗಸಾಗಿ ಹಾರಿದೆ. ನೀವು ಖುಷಿಯಾಗಿ ಅದೇ ತಪ್ಪನ್ನು ಇನ್ನೂ 60 ಸಲ ಗಟ್ಟಿ ಮಾಡಿಕೊಳ್ಳುತ್ತೀರಿ.

ಇದಕ್ಕೆ ನಾನು ಮಾಡೋ ಉಪಾಯ ರಂಗೋಲಿ ಪುಡಿ. ಹೌದು, ಮನೆ ಮುಂದೆ ಹಾಕೋದೇ. ಹುಲ್ಲಿನ ಮೇಲೆ ಅಭ್ಯಾಸ ಮಾಡಲು ಬಿಡುವ ಕಡೆ ಒಂದು ಮೂಲೆಯಲ್ಲಿ, ಒಂದು ಮಾರು ಉದ್ದಕ್ಕೆ ಬಿಳಿ ಗೆರೆ ಎಳೆಯುತ್ತೇನೆ. ಚೆಂಡು ಇಡೋದೇ ಬೇಡ. ಗೆರೆ ಎರಡು ಕಾಲಿನ ನಡುವೆ ಬರುವ ಹಾಗೆ ನಿಂತು ಸ್ವಿಂಗ್ ಮಾಡೋದು, ಒಂದು ಹೆಜ್ಜೆ ಮುಂದೆ ಸರಿಯೋದು, ಮತ್ತೆ ಸ್ವಿಂಗ್. ಗೆರೆಯ ಕೊನೆಗೆ ಹೋಗಿ ತಿರುಗಿ ನೋಡಿದರೆ ಎಲ್ಲಾ ಕಾಣುತ್ತೆ. ಮಣ್ಣು ಕಿತ್ತ ಗುರುತು ಗೆರೆಯ ಮೇಲಿಂದ ಶುರುವಾಗಿ ಗುರಿಯ ಕಡೆಗೆ ಹೋಗಿದ್ದರೆ ಸರಿ. ಗೆರೆಯ ಹಿಂದೆ ಶುರುವಾಗಿದ್ದರೆ, ಅದೇ ನಿಮ್ಮ ರೋಗ. ಮೊದಲ ದಿನ ನನ್ನ ಎಂಟು ಗುರುತುಗಳಲ್ಲಿ ಏಳು ಹಿಂದಿದ್ದವು. ಮಾಲಿ ಬಂದು, “ಏನ್ ಸಾರ್, ಹಬ್ಬಾನಾ?” ಅಂತ ಕೇಳಿದ. ಬೈದ ಕೂಡ. ಆದ್ದರಿಂದ ಮೊದಲೇ ಕೇಳಿಕೊಂಡು ಮಾಡಿ. ಹುಲ್ಲು ಸಿಗದಿದ್ದರೆ ಅಭ್ಯಾಸದ ಬಂಕರ್‌ನ ಮರಳಲ್ಲಿ ಬೆರಳಿಂದ ಗೆರೆ ಎಳೆದರೂ ಆಯಿತು.

ಇನ್ನೊಂದು ಅಗ್ಗದ ಸಾಧನ ನಿಮ್ಮೆಲ್ಲರ ಆಫೀಸಲ್ಲೇ ಇದೆ. ವೈಟ್‌ಬೋರ್ಡ್ ಮಾರ್ಕರ್. ಚೆಂಡಿನ ಹಿಂಭಾಗದಲ್ಲಿ ಒಂದು ದಪ್ಪ ಚುಕ್ಕೆ ಇಡಿ, ಹೊಡೆಯಿರಿ, ಕ್ಲಬ್ ಮುಖ ನೋಡಿ. ಚುಕ್ಕೆ ಅಲ್ಲಿ ಅಂಟಿರುತ್ತೆ. ನಡುವೆ ತಾಗಿತೋ, ತುದಿಗೋ, ಕೋಲಿನ ಕಡೆಯ ಹಿಮ್ಮಡಿಗೋ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ. ಮೊಬೈಲ್‌ನಲ್ಲಿ ಸ್ವಿಂಗ್ ವಿಡಿಯೋ ಮಾಡಿಕೊಂಡು, ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಮಲಗಿ ನೋಡಿ, ಮರುದಿನ ಹೊಸ ಸ್ವಿಂಗ್ ತರೋದಕ್ಕಿಂತ ಇದು ಎಷ್ಟೋ ವಾಸಿ. ನಾನು ಅದನ್ನೂ ಮಾಡಿದ್ದೇನೆ. ಒಂದು ತಿಂಗಳಲ್ಲಿ ನಾಲ್ಕು ಸ್ವಿಂಗ್ ಬದಲಾಯಿಸಿದೆ.

ರೇಂಜ್‌ನ ಎರಡನೇ ಸುಳ್ಳು ಇನ್ನೂ ದೊಡ್ಡದು. ಅಲ್ಲಿ ಒಂದೇ ಹೊಡೆತವನ್ನು ಒಂದರ ಹಿಂದೆ ಒಂದು ಹೊಡೆಯುತ್ತೇವೆ. ಹತ್ತನೆಯ ಚೆಂಡಿಗೆ ಕೈ ಕುದುರುತ್ತೆ. ಇಪ್ಪತ್ತನೆಯದಕ್ಕೆ ‘ಆಹಾ, ಸಿಕ್ತು’ ಅನ್ನಿಸುತ್ತೆ. ಆದರೆ ಏನು ಸಿಕ್ಕಿತು? ಹಿಂದಿನ ಹೊಡೆತವನ್ನು ಸ್ವಲ್ಪ ತಿದ್ದಿ ಮತ್ತೆ ಹೊಡೆಯೋದು ಸಿಕ್ಕಿತು. ಕೋರ್ಸ್‌ನಲ್ಲಿ ಆ ಹಿಂದಿನ ಹೊಡೆತವೇ ಇರಲ್ಲ. ಡ್ರೈವರ್ ಹೊಡೆದು, ಹತ್ತು ನಿಮಿಷ ನಡೆದು, ಮಾತಾಡಿ, ನೀರು ಕುಡಿದು, ಆಮೇಲೆ ಒಂದೇ ಒಂದು ಐರನ್.

1978ರಲ್ಲಿ ಕೆರ್ ಮತ್ತು ಬೂತ್ ಅನ್ನೋ ಇಬ್ಬರು ಸಂಶೋಧಕರು ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕಾಳು ತುಂಬಿದ ಪುಟ್ಟ ಚೀಲವನ್ನು ಗುರಿಗೆ ಎಸೆಯೋ ಆಟ. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು 3 ಅಡಿ ದೂರದಿಂದ ಮಾತ್ರ ಅಭ್ಯಾಸ ಮಾಡಿತು. ಇನ್ನೊಂದು ಗುಂಪು 2 ಅಡಿಯಿಂದ ಮತ್ತು 4 ಅಡಿಯಿಂದ ಮಾಡಿತು, 3 ಅಡಿಯಿಂದ ಎಸೆಯಲೇ ಇಲ್ಲ. ಕೊನೆಗೆ ಪರೀಕ್ಷೆ ಇಟ್ಟಿದ್ದು 3 ಅಡಿಗೆ. ಯಾರು ಗೆದ್ದಿರಬಹುದು? ಆ ದೂರದಿಂದ ಒಮ್ಮೆಯೂ ಎಸೆಯದಿದ್ದ ಗುಂಪು. ಅವರು ಪ್ರತಿ ಸಲವೂ ಯೋಚನೆ ಮಾಡಬೇಕಿತ್ತು, ಅಳೆಯಬೇಕಿತ್ತು. ಮೊದಲ ಗುಂಪಿನ ಕೈ ಸುಮ್ನೆ ಓಡುತ್ತಿತ್ತು.

ಹಾಗಂತ ಒಂದೇ ಹೊಡೆತ ಮತ್ತೆ ಮತ್ತೆ ಹೊಡೆಯಲೇಬಾರದು ಅಂತಲ್ಲ. ನನ್ನ ಅಕ್ಕ ಸಂಗೀತ ಪಾಠ ಹೇಳುತ್ತಾಳೆ. ಅವಳ ಮನೆಯಲ್ಲಿ ಸಂಜೆಯಾದರೆ ಸರಳೆ ವರಸೆ, ಜಂಟಿ ವರಸೆ, ಮೂರು ಕಾಲದಲ್ಲಿ. ಹೊಸದು ಕಲಿಯುವಾಗ ಅದು ಬೇಕೇ ಬೇಕು. ಗ್ರಿಪ್ ಬದಲಾಯಿಸಿದ್ದೀರಿ, ಕೋಚ್ ಹೊಸದೇನೋ ಹೇಳಿಕೊಟ್ಟಿದ್ದಾರೆ ಅಂದ್ರೆ ವರಸೆ ಹಾಡಿ. ಆದರೆ ಬರೀ ವರಸೆ ಹಾಡಿಕೊಂಡಿದ್ದವನು ಸಂಗೀತ ಕಚೇರಿಗೆ ಹೋಗಿ ಕೂತರೆ ಏನಾಗುತ್ತೆ? ಅದೇ ನನಗೆ ಒಂದನೇ ಟೀಯಲ್ಲಿ ಆಗಿದ್ದು.

ಈಗ ನನ್ನ ಬಕೆಟ್ ಹೇಗೆ ಖಾಲಿಯಾಗುತ್ತೆ ಹೇಳ್ತೀನಿ. 100 ಬಿಟ್ಟೆ. 50 ತಗೋತೀನಿ. ಮೊದಲ ಹತ್ತು ಮೈ ಬಿಸಿ ಮಾಡೋಕೆ, ಹತ್ತಿರದ ಹೊಡೆತಕ್ಕೆ ಬಳಸೋ ವೆಜ್‌ನಲ್ಲಿ ಅರ್ಧ ಸ್ವಿಂಗ್. ಮುಂದಿನ ಹದಿನೈದು ವರಸೆ, ಯಾವುದಾದರೂ ಒಂದೇ ವಿಷಯಕ್ಕೆ. ಉಳಿದ 25 ಕಚೇರಿ. ನಾನು ಆಡುವ ಕೋರ್ಸನ್ನೇ ಮನಸ್ಸಲ್ಲಿ ತಂದುಕೊಂಡು ರೇಂಜ್‌ನಲ್ಲೇ ಆಡುತ್ತೇನೆ. ಒಂದನೇ ಹೋಲ್: ಆ ಎಡಗಡೆ ದೀಪದ ಕಂಬ, ಆ ತೆಂಗಿನ ಮರ, ಎರಡರ ನಡುವೆ ಫೇರ್‌ವೇ, ಅಂದ್ರೆ ಚೆಂಡು ಬೀಳಬೇಕಾದ ದಾರಿ. ಡ್ರೈವರ್ ತೆಗೆದುಕೊಂಡು ಹೊಡೆದೆ. ಒಳಗೆ ಬಿತ್ತಾ? ಸರಿ, ಇನ್ನು 140 ಗಜ ಇದೆ ಅಂದುಕೊಂಡು ಡ್ರೈವರ್ ಬ್ಯಾಗಿಗೆ ಹಾಕಿ, ಐರನ್ ತೆಗೆದು ಹೊಸ ಗುರಿ. ತೆಂಗಿನ ಮರದಾಚೆ ಹೋಯಿತಾ? ಹಾಗಾದ್ರೆ ಮರದ ಕೆಳಗಿಂದ ತಗ್ಗಾಗಿ ಆಚೆ ತರುವ ಹೊಡೆತ. ತಪ್ಪಾಯಿತು ಅಂತ ಇನ್ನೊಂದು ಡ್ರೈವರ್ ಹೊಡೆಯೋ ಹಾಗಿಲ್ಲ. ಅದೊಂದೇ ಕಟ್ಟುನಿಟ್ಟು.

ಪ್ರತಿ ಚೆಂಡಿಗೂ ಹಿಂದೆ ಹೋಗಿ ನಿಂತು ಗುರಿ ನೋಡಿ, ಒಂದು ಸಲ ಗಾಳಿಯಲ್ಲಿ ಬೀಸಿ, ಆಮೇಲೆ ಹತ್ತಿರ ಬರಬೇಕು. ಕೋರ್ಸ್‌ನಲ್ಲಿ ಮಾಡುವುದನ್ನೇ ಇಲ್ಲೂ ಮಾಡಬೇಕು. 25 ಚೆಂಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ. ಇದರಲ್ಲಿ ಹೊಡೆತಗಳು ಕೆಟ್ಟದಾಗಿ ಬರುತ್ತವೆ, ಮೊದಲೇ ಹೇಳಿಬಿಡ್ತೀನಿ. ಅಕ್ಕಪಕ್ಕದವರು ಈಗ ನನ್ನನ್ನು ತಿರುಗಿ ನೋಡಲ್ಲ. ಮೊದಮೊದಲು ಬೇಜಾರಾಗುತ್ತಿತ್ತು. ಆದರೆ ರೇಂಜ್‌ನಲ್ಲಿ ಕೆಟ್ಟದಾಗಿ ಕಂಡಷ್ಟೂ ಕೋರ್ಸ್‌ನಲ್ಲಿ ಆಶ್ಚರ್ಯ ಕಮ್ಮಿಯಾಯಿತು.

ನಾನು ಆಡುವ ಕಡೆ ಕೋರ್ಸ್‌ಗೆ ರಜಾ ಇರುವ ದಿನ ಕ್ಯಾಡಿ ಹುಡುಗರು ಆಡುತ್ತಾರೆ. ಒಬ್ಬೊಬ್ಬರ ಹತ್ತಿರ ಎರಡು ಮೂರು ಕ್ಲಬ್ಬು, ಒಂದೋ ಎರಡೋ ಚೆಂಡು. ನಿಯಮದ ಪ್ರಕಾರ ನಾವು 14 ಕ್ಲಬ್ ಇಟ್ಟುಕೊಳ್ಳಬಹುದು, 14 ಇಟ್ಟುಕೊಂಡೇ ಒದ್ದಾಡುತ್ತೇವೆ. ಅವರು ಒಂದೇ ಐರನ್‌ನಲ್ಲಿ ಎತ್ತರಕ್ಕೂ ಹೊಡೀತಾರೆ, ತಗ್ಗಿಗೂ ಹೊಡೀತಾರೆ, ಗ್ರೀನ್ ಪಕ್ಕ ಉರುಳಿಸ್ತಾರೆ. ಚೆಂಡು ಕಳೆದುಹೋದರೆ ಅವರ ಆಟ ಅಲ್ಲಿಗೇ ಮುಗಿಯಿತು. ಅದಕ್ಕೇ ಕಳೆಯಲ್ಲ. ಬಿಡದಿ ಕಡೆಯ ಚಿಕ್ಕರಂಗಪ್ಪ ಕ್ಯಾಡಿ ಕೆಲಸದಿಂದ ಶುರು ಮಾಡಿ ಏಷ್ಯನ್ ಟೂರ್‌ವರೆಗೆ ಹೋದರು ಅಂತ ಕೇಳಿದಾಗ ನಮಗೆ ಆಶ್ಚರ್ಯವಾಗುತ್ತೆ. ಆ ಹುಡುಗರು ಆಡೋದನ್ನ ಒಂದು ದಿನ ನಿಂತು ನೋಡಿದರೆ ಆಶ್ಚರ್ಯ ಸ್ವಲ್ಪ ಇಳಿಯುತ್ತೆ.

ಹೊಡೆಯುವಾಗ ಮನಸ್ಸು ಎಲ್ಲಿರಬೇಕು? ಇದಕ್ಕೂ ಒಂದು ಪ್ರಯೋಗ ಇದೆ. 1999ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಅವರ ಜೊತೆಗಾರರು ಗಾಲ್ಫ್ ಗೊತ್ತೇ ಇಲ್ಲದವರ ಕೈಗೆ ನೈನ್ ಐರನ್ ಕೊಟ್ಟು, ಸಣ್ಣ ಹೊಡೆತ ಕಲಿಸಿದರು. ಅರ್ಧ ಜನಕ್ಕೆ ನಿಮ್ಮ ತೋಳಿನ ಚಲನೆ ಗಮನಿಸಿ ಅಂದರು. ಇನ್ನರ್ಧ ಜನಕ್ಕೆ ಕ್ಲಬ್ ತಲೆ ಹೇಗೆ ಓಡುತ್ತೆ ಅದನ್ನು ಗಮನಿಸಿ ಅಂದರು. ಕ್ಲಬ್ ಗಮನಿಸಿದವರ ಚೆಂಡುಗಳೇ ಗುರಿಗೆ ಜಾಸ್ತಿ ಹತ್ತಿರ ಬಿದ್ದವು. ಮರುದಿನ ಪರೀಕ್ಷೆ ಮಾಡಿದಾಗಲೂ ಅವರೇ ಮುಂದೆ.

ಚಿಕ್ಕವರಿದ್ದಾಗ ಗೋಲಿ ಆಡಿದ್ದೀರಲ್ವಾ? ಎಡಗೈ ಬೆರಳನ್ನು ಹಿಂದಕ್ಕೆ ಬಗ್ಗಿಸಿ ಗೋಲಿ ಬಿಡುವಾಗ ಯಾರಾದರೂ ಬೆರಳು ನೋಡುತ್ತಿದ್ದರಾ? ಕಣ್ಣೆಲ್ಲಾ ಆ ಎದುರಿನ ಗೋಲಿ ಮೇಲೆ. ನಾವು ಈಗ ಚೆಂಡಿನ ಎದುರು ನಿಂತು ಮೊಣಕೈ, ಭುಜ, ಸೊಂಟ, ಮಂಡಿ ಎಲ್ಲದಕ್ಕೂ ಹಾಜರಿ ಕರೆಯುತ್ತೇವೆ. ಹಾಜರಿ ಮುಗಿಯೋದರಲ್ಲಿ ಮೈ ಸೆಟೆದುಕೊಂಡಿರುತ್ತೆ.

ಪಟಿಂಗ್‌ಗೆ ಬರೋಣ. ಟಿವಿಯಲ್ಲಿ ದೊಡ್ಡವರು 20 ಅಡಿಯಿಂದ ಹಾಕೋದು ನೋಡಿ ನಮ್ಮ ತಲೆ ಕೆಟ್ಟಿದೆ. ಬೀಳದ್ದನ್ನು ಟಿವಿಯವರು ಅಷ್ಟಾಗಿ ತೋರಿಸಲ್ಲ. ಪಿಜಿಎ ಟೂರ್ ಆಟಗಾರರು 8 ಅಡಿಯಿಂದ ಹಾಕುವುದು ಸುಮಾರು ಎರಡಕ್ಕೆ ಒಂದು. ಎರಡಕ್ಕೆ ಒಂದು! ನಾನು 8 ಅಡಿಯದು ತಪ್ಪಿದಾಗ ಪಟರ್ ಅನ್ನು ಬೈಯುತ್ತಿದ್ದೆ. ಅಂದಮೇಲೆ ನಮಗೆ ಬೇಕಿರೋದು ಎರಡೇ. ದೂರದಿಂದ ಹೊಡೆದದ್ದು ಕುಳಿಯ ಹತ್ತಿರ ನಿಲ್ಲಬೇಕು. 3 ಅಡಿಯದು ತಪ್ಪಬಾರದು.

ದೂರದ್ದಕ್ಕೆ ನಾನು ಕುಳಿಯನ್ನೇ ಬಿಟ್ಟುಬಿಡ್ತೀನಿ. 20 ಅಡಿಗೊಂದು, 30 ಅಡಿಗೊಂದು, 40 ಅಡಿಗೊಂದು ಟೀ, ಅಂದ್ರೆ ಚೆಂಡು ಇಡೋ ಪುಟ್ಟ ಗೂಟ, ಚುಚ್ಚಿ, ಒಂದು ಚೆಂಡು ಹತ್ತಿರದ್ದಕ್ಕೆ, ಮುಂದಿನದು ದೂರದ್ದಕ್ಕೆ, ಆಮೇಲೆ ನಡುವಿನದಕ್ಕೆ. ಒಂದೇ ದೂರ ಎರಡು ಸಲ ಬರಬಾರದು. ಬೆಳಿಗ್ಗೆ ಏಳು ಗಂಟೆಗೆ ಇಬ್ಬನಿ ಇರುವಾಗ ಚೆಂಡು ಓಡಲ್ಲ. ಹತ್ತು ಗಂಟೆಗೆ ಅದೇ ಗ್ರೀನ್ ಬೇರೆ ಗ್ರೀನ್. ಹಾಗಾಗಿ ಆಡುವ ದಿನ ಐದು ನಿಮಿಷ ಇದನ್ನು ಮಾಡದೆ ಒಂದನೇ ಟೀಗೆ ಹೋಗಬೇಡಿ. ರೇಂಜ್‌ಗೆ ಹೋಗದಿದ್ದರೂ ಚಿಂತೆಯಿಲ್ಲ.

3 ಅಡಿಯದಕ್ಕೆ ಮನೆಯ ಕಾರ್ಪೆಟ್ಟೇ ಸಾಕು. ಪಟರ್ ತಲೆ ಹಿಡಿಸುವಷ್ಟೇ ಜಾಗ ಬಿಟ್ಟು ಎರಡು ಬೆಂಕಿಪೊಟ್ಟಣ ನಿಲ್ಲಿಸಿ, ಅವುಗಳ ನಡುವೆ ಬೀಸಬೇಕು. ತಾಗಿದರೆ ಬೀಳುತ್ತೆ, ಶಬ್ದ ಬರುತ್ತೆ, ಮನೆಯವರು “ಮತ್ತೆ ಶುರುವಾಯ್ತಾ?” ಅಂತಾರೆ.

ಪಟಿಂಗ್ ಅಂದಾಗ ಅದಿತಿ ಅಶೋಕ್ ಹೆಸರು ಹೇಳದೇ ಇರೋಕಾಗಲ್ಲ. ಅವರ ಮನೆಯವರು ಬೆಳಿಗ್ಗೆ ತಿಂಡಿಗೆ ಹೋಗುತ್ತಿದ್ದ ಬೆಂಗಳೂರಿನ ಒಂದು ಹೋಟೆಲಿನಿಂದ ಡ್ರೈವಿಂಗ್ ರೇಂಜ್ ಕಾಣುತ್ತಿತ್ತಂತೆ. ಅದನ್ನು ನೋಡಿ, ಒಮ್ಮೆ ಹೋಗಿ ನೋಡೋಣ ಅಂತ ಐದನೇ ವಯಸ್ಸಿಗೆ ಶುರುವಾದ ಆಟ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್ ನೆನಪಿದೆಯಲ್ಲ, ಗಾಲ್ಫ್ ಅಂದ್ರೇನು ಅಂತ ಗೊತ್ತಿಲ್ಲದವರೂ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದರು. ಆಗ ಅವರ ವಿಶ್ವ ರ‍್ಯಾಂಕಿಂಗ್ 200. ಬ್ಯಾಗ್ ಹೊತ್ತಿದ್ದು ಅವರ ಅಮ್ಮ. ಡ್ರೈವ್ ದೂರದಲ್ಲಿ ಅದಿತಿ ಅಲ್ಲಿದ್ದವರಲ್ಲೆಲ್ಲ ತೀರಾ ಹಿಂದೆ. ಆದರೂ ನಾಲ್ಕು ಸುತ್ತು ಮುಗಿದಾಗ ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ಅಷ್ಟು ದೂರ ತಂದಿದ್ದು ಆ ಪಟರ್. ಹಾಗಾದ್ರೆ ಬ್ರಾಡಿ ಹೇಳಿದ್ದು ತಪ್ಪಾ ಅಂತ ನೀವು ಕೇಳಬಹುದು. ತಪ್ಪಲ್ಲ. ಅದಿತಿಯ ಡ್ರೈವ್ ದೂರ ಹೋಗದಿದ್ದರೂ ನೇರ ಹೋಗುತ್ತೆ. ನಮ್ಮದು ದೂರವೂ ಹೋಗಲ್ಲ, ನೇರವೂ ಹೋಗಲ್ಲ.

ಕೊನೆಯದಾಗಿ, ನನ್ನ ಆಟವನ್ನು ಎಲ್ಲಕ್ಕಿಂತ ಜಾಸ್ತಿ ಬದಲಾಯಿಸಿದ ಒಂದು ಆಟ. ಇದನ್ನು ಪಾರ್ 18 ಅಂತಾರೆ. ಅಭ್ಯಾಸದ ಗ್ರೀನ್ ಸುತ್ತ ಒಂಬತ್ತು ಜಾಗ ಆರಿಸಿಕೊಳ್ಳಿ. ಮೂರು ಸುಲಭದವು, ಮೂರು ಮಧ್ಯಮ, ಮೂರು ನಿಮಗೆ ಭಯ ಹುಟ್ಟಿಸುವಂಥವು. ಬಂಕರ್ ಒಂದು ಇರಲಿ. ಪ್ರತಿ ಜಾಗದಿಂದ ಒಂದು ಚಿಪ್, ಒಂದು ಪಟ್, ಅಲ್ಲಿಗೆ ಎರಡು. ಒಂಬತ್ತಕ್ಕೆ 18. ಚೆಂಡು ಒಂದೇ. ಚಿಪ್ ಮಾಡಿದ ಮೇಲೆ ಪಟರ್ ತಗೊಂಡು ಹೋಗಿ ಅದನ್ನು ಕುಳಿಗೆ ಹಾಕಲೇಬೇಕು. “ಇದು ಬಿತ್ತು ಅಂದ್ಕೋ” ಅನ್ನೋ ಹಾಗಿಲ್ಲ.

ನನ್ನ ಮೊದಲ ಸ್ಕೋರ್ 29. ಬಂಕರ್‌ನಲ್ಲೇ ಐದು ಹೋಗಿತ್ತು. ಒಬ್ಬನೇ ಆಡಿದರೆ ನಾಲ್ಕನೇ ಜಾಗದಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತಿದ್ದೆ. ಆಮೇಲೆ ಒಬ್ಬ ಗೆಳೆಯನ ಜೊತೆ ಪಂದ್ಯ ಕಟ್ಟಿದೆ. ಸೋತವನು ಕಾಫಿ ಕೊಡಿಸಬೇಕು, ಅದೂ ಬೈ-ಟು ಅಲ್ಲ, ಪೂರ್ತಿ ಎರಡು. ಇಪ್ಪತ್ತೈದು ಮೂವತ್ತು ರೂಪಾಯಿ ಕಾಫಿಗೆ 4 ಅಡಿಯ ಪಟ್ ಮುಂದೆ ಕೈ ನಡುಗೋದು ನೋಡಿ ನನಗೇ ನಗು ಬಂತು. ಆದರೆ ಕೋರ್ಸ್‌ನಲ್ಲೂ ಕೈ ನಡುಗೋದು ಹಾಗೇ ಅಲ್ವಾ? ರೇಂಜ್‌ನಲ್ಲಿ 100 ಚೆಂಡು ಹೊಡೆದರೂ ಒಮ್ಮೆಯೂ ನಡುಗಿರಲಿಲ್ಲ. ಎಂಟು ತಿಂಗಳಲ್ಲಿ 29 ಇದ್ದದ್ದು 23ಕ್ಕೆ ಬಂತು. ಜೇಬಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರುತ್ತೆ, ತಾರೀಕು ಮತ್ತು ಸ್ಕೋರ್ ಅಷ್ಟೇ ಬರೆಯೋದು. ಕೋರ್ಸ್‌ನಲ್ಲಿ 103 ಇದ್ದದ್ದು ಈಗ 91, 92ರಲ್ಲಿ ಓಡಾಡುತ್ತಿದೆ. 90ರ ಕೆಳಗೆ ಇನ್ನೂ ಹೋಗಿಲ್ಲ. ಕಳೆದ ತಿಂಗಳು ಹೋಗೋದರಲ್ಲಿತ್ತು, ಹದಿನೇಳನೇ ಹೋಲ್‌ನಲ್ಲಿ ನೀರು ಕರೆಯಿತು.

ಹಿಂದಿನ ಸಾಲಿನಿಂದ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ವಾರಕ್ಕೆ ಒಂದೇ ಗಂಟೆ ಸಿಗೋದು, ಏನು ಮಾಡಲಿ ಅಂತ ಕೇಳ್ತಿದ್ದಾರೆ. 20 ನಿಮಿಷ ರೇಂಜ್‌ನಲ್ಲಿ ಆ ಕಚೇರಿ ಭಾಗ, ಡ್ರೈವರ್ ಸೇರಿಸಿ. ಉಳಿದ 40 ನಿಮಿಷ ಪಾರ್ 18. ವರಸೆಗೆ ರಜಾ. ಹೊಸ ಡ್ರೈವರ್ ತಗೊಳ್ಳಲಾ ಅಂತಲೂ ಕೇಳಿದರು. ಅದು ನಿಮ್ಮ, ನಿಮ್ಮ ಮನೆಯವರ ನಡುವಿನ ವಿಷಯ.

ಈಗ ಒಂಬತ್ತೂಕಾಲು. ಗ್ರೀನ್ ಮೇಲಿನ ಇಬ್ಬನಿ ಆರಿದೆ, ಸ್ಪ್ರಿಂಕ್ಲರ್ ನಿಲ್ಲಿಸಿದ್ದಾರೆ. ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ಒಂದು ವೆಜ್, ಒಂದು ಪಟರ್, ಒಂದು ಚೆಂಡು ತನ್ನಿ. ಆ ನೀಲಿ ಬಕೆಟ್‌ಗಳನ್ನು ಕುರ್ಚಿ ಕೆಳಗೇ ಬಿಟ್ಟು ಬನ್ನಿ. ಮೊದಲ ಜಾಗ ಆ ಬಂಕರ್.